ಮಿಸ್ ವರ್ನೆಲ್ ಅವರ ಪರಿಚಯ

ಇಂಕ್‌ಸ್ಟರ್‌ನ ಆ ಚಿಕ್ಕ ಇಟ್ಟಿಗೆ ಮನೆಯ ಮುಂದೆ ಕಾರು ನಿಲ್ಲಿಸಿದ ತಕ್ಷಣ, ಬೇರೆ ಮಾತಿಗೆ ಎಡೆಯೇ ಕೊಡದೆ, ಹೇಳಿಬಿಡಬೇಕು ಎಂದುಕೊಂಡಿದ್ದ ಪದ್ಮನಾಭ. ಕ್ಯಾಂಟನ್‌ನಲ್ಲಿರುವ ತನ್ನ ಮನೆಯಿಂದ ಮಿಷಿಗನ್ ಅವೆನ್ಯೂ ಹಿಡಿದು ಬರುವಾಗ ಪ್ರತಿ ಕೆಂಪು ದೀಪದ ಹತ್ತಿರವೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ: ಶನಿವಾರ ನಡೆದದ್ದು ತಪ್ಪು, ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದು, ಕ್ಷಮಿಸಿ. ಇಷ್ಟು ಹೇಳುವುದಕ್ಕೆ ಬಾಯಿಪಾಠ ಬೇಕೇ ಎಂದು ತನ್ನನ್ನೇ ಬೈದುಕೊಂಡಿದ್ದ. ಆದರೆ ಮಿಸ್ ವರ್ನೆಲ್ ಬಾಗಿಲು ತೆಗೆದು ಹೊರಗೆ ಬಂದಾಗ ಕೋಟಿನ ಮೇಲೆ, ಶನಿವಾರ ಕನ್ನಡ ಬಳಗದವರು ಸನ್ಮಾನ ಮಾಡಿ ಹೊದಿಸಿದ ಜರಿಯಂಚಿನ ಶಾಲು ಇತ್ತು. ಎಪ್ಪತ್ತಾರು ವರ್ಷದ ಹೆಂಗಸು. ಒಂದು ಕೈಯಲ್ಲಿ ಆಸ್ಪತ್ರೆಯ ಚೀಲ, ಇನ್ನೊಂದು ಕೈ ಕಂಬಿಯ ಮೇಲೆ. ಮೆಟ್ಟಿಲ ಮೇಲೆಲ್ಲ ನವೆಂಬರಿನ ಬಿಳಿ ಹಿಮದ ಪುಡಿ. ಅವನು ಓಡಿಹೋಗಿ ಚೀಲ ಇಸಿದುಕೊಂಡ. “ನಿಮ್ಮ ಜನ ಕೊಟ್ಟದ್ದು ಬೆಚ್ಚಗಿದೆ ಬೇಬಿ,” ಎಂದರು ಶಾಲಿನ ಅಂಚು ಎತ್ತಿ ತೋರಿಸಿ. ಅದರಲ್ಲಿ ಕೊಂಕೇನೂ ಇರಲಿಲ್ಲ. ಕೊಂಕಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. “ಸೀಟ್ ಹೀಟರ್ ಹಾಕಿದೀನಿ,” ಎಂದ ಪದ್ಮನಾಭ, ಅದನ್ನು ಹೇಳುವುದಕ್ಕೆಂದೇ ಇಷ್ಟು ದೂರ ಬಂದವನ ಹಾಗೆ.

ಸರಿ, ಹೈವೇಗೆ ಹತ್ತಿದ ಮೇಲೆ ಹೇಳಿದರಾಯಿತು. ಆಸ್ಪತ್ರೆ ಇರುವ ಆನ್ ಆರ್ಬರ್ ಅಲ್ಲಿಂದ ಇಪ್ಪತ್ತೈದು ಮೈಲಿ. ಮಿಸ್ ವರ್ನೆಲ್ ಅವರ ಗಂಟಲಲ್ಲಿ ಬೆಳೆದ ಗೆಡ್ಡೆಯನ್ನು ಇವತ್ತು ಮಧ್ಯಾಹ್ನದೊಳಗೆ ತೆಗೆಯುತ್ತಾರೆ. ಗೆಡ್ಡೆ ದನಿಯ ನರಕ್ಕೆ ಅಂಟಿಕೊಂಡಿದೆ, ನರ ಉಳಿಯುತ್ತದೋ ಇಲ್ಲವೋ ತೆರೆದು ನೋಡಿದ ಮೇಲೇ ಗೊತ್ತಾಗುವುದು ಎಂದು ಸರ್ಜನ್ ಬಿಡಿಸಿ ಹೇಳಿದ್ದರು. ಹಾಗೆ ಹೇಳುವಾಗ ಪಕ್ಕದ ಕುರ್ಚಿಯಲ್ಲಿ ಪದ್ಮನಾಭನೇ ಕೂತಿದ್ದ. ಅಂದರೆ ಬಳಗದ ನಾನೂರು ಜನರಲ್ಲಿ ಇದು ಗೊತ್ತಿದ್ದವನು ಅವನೊಬ್ಬನೇ. ಗೊತ್ತಿಲ್ಲದೆ ಮಾಡಿದವರಿಗೆ ಮಾಫಿ ಇದೆ. ಗೊತ್ತಿದ್ದೂ ಮಾಡಿದವನಿಗೆ? ಅವನು ಹಿಂಬದಿಯ ಎಡಚಕ್ರದಿಂದ ಸಣ್ಣಗೆ ಬರುತ್ತಿದ್ದ ಗುಂಯ್ ಸದ್ದಿಗೆ ಕಿವಿಗೊಟ್ಟ. ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಅವನ ಕೆಲಸವೇ ಅದು, ಕಾರಿನೊಳಗೆ ಬೇಡದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದರ ಬಾಯಿ ಮುಚ್ಚಿಸುವುದು. ಹದಿನೆಂಟು ವರ್ಷದಿಂದ ಸದ್ದು ಅಡಗಿಸಿಯೇ ಹೊಟ್ಟೆ ಹೊರೆದಿದ್ದೇನೆ ಎಂಬ ಯೋಚನೆ ಇವತ್ತು ಬಂತು. “ನಾನು ಸೀಟು ಹೊಲಿದೆ, ನೀನು ಸೀಟಿನ ಸದ್ದು ಕೇಳ್ತೀಯ, ನಾವಿಬ್ಬರೂ ಒಂದೇ ಇಂಡಸ್ಟ್ರಿ,” ಎಂದು ಮಿಸ್ ವರ್ನೆಲ್ ಮೊದಲ ಸಲ ನಕ್ಕಿದ್ದು ಲೈಬ್ರರಿಯಲ್ಲಿ. ಮಗಳು ಜಾನ್ವಿಯ ಪುಸ್ತಕ ವಾಪಸ್ ಕೊಡಲು ಹೋದವನು ಕೆಳಗಿನ ಕೋಣೆಯಿಂದ ಬಂದ ದನಿಗೆ ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದ. ಅಲ್ಲಿ ಮಡಚುವ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಮುದುಕರು, ಅವರ ಮುಂದೆ ವಿಗ್ಗು, ಹಳದಿ ಉಡುಪು, ಗಟ್ಟಿ ಮೈಕಟ್ಟಿನ ಈ ಹೆಂಗಸು. ವಾದ್ಯವಿಲ್ಲ, ಕಾಲಿನಿಂದ ನೆಲಕ್ಕೆ ತಾಳ ಹಾಕುತ್ತ ಹಾಡುತ್ತಿದ್ದರು. ಮೈಸೂರಿನಲ್ಲಿ ಚಿಕ್ಕಂದಿನಿಂದ ಕಛೇರಿ ಕೇಳಿ ಬೆಳೆದವನಿಗೆ ದನಿ ಎಂದರೇನು ಎಂಬ ಅಂದಾಜು ಇತ್ತು ಎಂದುಕೊಂಡಿದ್ದ. ಆ ದನಿ ಒಡೆಯುವ ಕಡೆ ಒಡೆಯುತ್ತಿತ್ತು, ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಅವನಿಗೆ ಅಳು ಬಂತು. ಅಳು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಆಮೇಲೆ ಪ್ರತಿ ಶನಿವಾರ ಇಂಕ್‌ಸ್ಟರ್‌ನ ಅಡುಗೆಮನೆ. ಹೆಂಡತಿ ಲತಾಶ್ರೀ, “ನಿಮಗೆ ಅಲ್ಲೊಂದು ಮನೆ ಮಾಡ್ಕೊಡ್ಲಾ?” ಎಂದು ರೇಗಿಸುತ್ತಿದ್ದಳು. ಅಲ್ಲಿ ಮಿಸ್ ವರ್ನೆಲ್ ಮೀನು ಕರಿಯುತ್ತ, ಇವನಿಗೆ ಮಾತ್ರ ಬೆಂಡೆಕಾಯಿ ಕರಿದು ಕೊಡುತ್ತ, ತಮ್ಮ ಕಥೆ ಹೇಳುತ್ತಿದ್ದರು. ಮಿಸಿಸಿಪ್ಪಿಯ ಹಳ್ಳಿಯಲ್ಲಿ ಗುರುತಿಲ್ಲದವರ ಸಾವಿಗೂ ಹೋಗಿ ಹಾಡಿ, ಒಂದು ತಟ್ಟೆ ಊಟ ಸಂಪಾದಿಸಿದ ಹುಡುಗಿ. ಹದಿನೇಳಕ್ಕೆ ಬಸ್ಸು ಹತ್ತಿ ಶಿಕಾಗೋ. ಹಗಲು ಮಿಠಾಯಿ ಕಾರ್ಖಾನೆ, ಸಂಜೆ ವೆಸ್ಟ್ ಸೈಡಿನ ಒಂದು ಲೌಂಜಿನಲ್ಲಿ ಹಾಡು. ಇಪ್ಪತ್ತೊಂದಕ್ಕೆ ಮೊದಲ ರೆಕಾರ್ಡು. ಪದ ರಾಗ ಎರಡೂ ಅವರದು, ರೆಕಾರ್ಡಿನ ಮೇಲೆ ಹಾಡು ಬರೆದವರ ಹೆಸರು ಮಾತ್ರ ಕಂಪನಿಯ ಯಜಮಾನನದು. ದಕ್ಷಿಣದ ಊರುಗಳಲ್ಲಿ ಆ ಹಾಡು ಒಂದು ಬೇಸಿಗೆ ಪೂರ್ತಿ ಮೊಳಗಿತಂತೆ. ಶಿಕಾಗೋದಿಂದ ಡಿಟ್ರಾಯಿಟಿಗೆ ಯಾಕೆ ಬಂದಿರಿ ಎಂದರೆ ಪ್ರತಿ ಸಲವೂ, “ಒಬ್ಬ ಗಂಡಸಿನ ಹತ್ತಿರ ಕಾರಿತ್ತು,” ಎಂದು ಬಾಣಲೆ ಕಡೆ ತಿರುಗಿಬಿಡುತ್ತಿದ್ದರು. ಇಲ್ಲಿ ಕಾರಿನ ಸೀಟು ಹೊಲಿಯುವ ಕೆಲಸ. ಶುಕ್ರವಾರ ಪಾಳಿ ಮುಗಿಸಿ ಅಲಬಾಮಕ್ಕೋ ಮಿಸಿಸಿಪ್ಪಿಗೋ ಡ್ರೈವ್ ಮಾಡಿ, ತಗಡಿನ ಸೂರಿನ ಕುಡಿತದ ಅಡ್ಡೆಗಳಲ್ಲಿ ಹಾಡಿ, ಸೋಮವಾರ ಮತ್ತೆ ಹೊಲಿಗೆ ಮಿಷಿನ್ನು. ಐವತ್ತು ದಾಟಿದ ಮೇಲೆ ಮತ್ತೊಂದು ಹಾಡು ಹಿಟ್ ಆಯಿತು. ಇನ್ನೊಬ್ಬಳ ಗಂಡನ ಜತೆ ಇರುವವಳು ಜಂಬ ಕೊಚ್ಚಿಕೊಳ್ಳುವ ಹಾಡು. ಹೆಂಗಸರು ಕರವಸ್ತ್ರ ಬೀಸಿ ಕುಣಿಯುತ್ತಿದ್ದರಂತೆ. ಅಲ್ಲಿಂದ ಮುಂದೆ ಕಾರಿನ ಡಿಕ್ಕಿಯಲ್ಲಿ ಸೀಡಿ ಇಟ್ಟುಕೊಂಡು ಊರೂರು ಸುತ್ತಿದ್ದು. “ನಮ್ಮ ಈ ಸದರ್ನ್ ಸೋಲ್ ಸಂಗೀತ ಅಂದ್ರೆ ಏನು ಅಂತ ನಿಮ್ಮ ಜನಕ್ಕೆ ಹೇಗೆ ಹೇಳ್ತೀಯ?” ಎಂದು ಕೇಳಿ ಅವರೇ ಉತ್ತರ ಕೊಟ್ಟಿದ್ದರು: “ಚರ್ಚಿನ ಕೊರಳಲ್ಲಿ ಮಲಗೋ ಕೋಣೆ ಮಾತು. ಹಾಗೇ ಹೇಳು.”

ಅವನು ಹಾಗೆ ಹೇಳಲಿಲ್ಲ. ಬಳಗದ ಸಾಂಸ್ಕೃತಿಕ ಕಾರ್ಯದರ್ಶಿಯಾದವನು ಮಲಗುವ ಕೋಣೆಯ ಮಾತನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಆಡಲು ಸಾಧ್ಯವೇ? ಪರಿಚಯ ಭಾಷಣ ಬರೆಯುವಾಗ ಕುಡಿತದ ಅಡ್ಡೆಗಳು ಗ್ರಾಮೀಣ ಸಂಗೀತ ಕೇಂದ್ರಗಳಾದವು, ಇನ್ನೊಬ್ಬಳ ಗಂಡ ದಾಂಪತ್ಯದ ಸೂಕ್ಷ್ಮ ಸಂವೇದನೆಯಾದ. ಎಂಟು ಪುಟ ಬರೆದ. ಕನ್ನಡದಲ್ಲಿ ಒಂದು ಪ್ಯಾರಾ, ಅವರಿಗೂ ಮಕ್ಕಳಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಮತ್ತೆ ಅದೇ ಪ್ಯಾರಾ. ಬರೆದು ಮುಗಿಸಿದಾಗ, ಇಷ್ಟು ಚೆನ್ನಾಗಿ ಅವರ ಬಗ್ಗೆ ಈ ದೇಶದಲ್ಲೇ ಯಾರೂ ಬರೆದಿಲ್ಲ ಎಂದು ಹೆಮ್ಮೆಯಿಂದ ಬೀಗಿದ್ದ. ಅವರನ್ನು ವೇದಿಕೆಗೆ ಕರೆದವನೂ ಅವನೇ. ಗೆಡ್ಡೆಯ ಸುದ್ದಿ ತಿಳಿದ ವಾರವೇ ಅವರು ಕೇಳಿದ್ದರು: “ಹೊಸ ಹಾಡೊಂದಿದೆ. ಯಾರ ಮುಂದೂ ಹಾಡಿಲ್ಲ. ಗಂಟಲು ಇರುವಾಗ ಒಂದು ಸಲ ಜನರ ಮುಂದೆ ಹಾಡಬೇಕು. ನಿಮ್ಮ ಪ್ರೋಗ್ರಾಮಿಗೆ ಎಷ್ಟು ಜನ ಬರ್ತಾರೆ?” ನಾನೂರು ಎಂದಾಗ, “ನಾನೂರಾ!” ಎಂದು ಕರಿಯುವುದನ್ನು ಬಿಟ್ಟು ಕೂತುಬಿಟ್ಟಿದ್ದರು. “ಜೀವನಪೂರ್ತಿ ಗಂಡನ್ನ ಕದ್ದವಳ ಪರವಾಗಿ ಹಾಡಿದೀನಿ. ಇದು ಹೆಂಡತಿ ಪರವಾಗಿ.” ಅಡುಗೆಮನೆಯಲ್ಲೇ ಒಮ್ಮೆ ಹಾಡಿ ತೋರಿಸಿ ಎಂದಿದ್ದ. ಹಾಡಿನ ಮೊದಲ ಸಲ ಜನರದು, ಅದನ್ನು ನಿನಗೊಬ್ಬನಿಗೆ ಕೊಡಲ್ಲ ಎಂದಿದ್ದರು.

“ಹೀಟರ್ ಸ್ವಲ್ಪ ಕಮ್ಮಿ ಮಾಡು,” ಎಂದರು ಮಿಸ್ ವರ್ನೆಲ್. ಬೆಲ್‌ವಿಲ್ ಎಕ್ಸಿಟ್ ದಾಟಿತ್ತು. ಅವನು ಕಮ್ಮಿ ಮಾಡಿದ. ಈಗ ಹೇಳಬೇಕು. ನಾಲಿಗೆಯ ತುದಿಗೆ ಬಂತು. ಆದರೆ ಕ್ಷಮೆ ಕೇಳಿದರೆ ಅವರು ಕ್ಷಮಿಸಲೇಬೇಕಾಗುತ್ತದೆ, ಕತ್ತಿಯ ಬಾಯಿಗೆ ಹೋಗುತ್ತಿರುವವರ ಹತ್ತಿರ ಅದನ್ನೂ ಕಿತ್ತುಕೊಳ್ಳಬೇಕೇ ಎಂದು ಇನ್ನೊಂದು ಮನಸ್ಸು ತಡೆಯಿತು. ಅದು ದೊಡ್ಡತನವಲ್ಲ, ಪುಕ್ಕಲುತನ ಎಂದು ಮೂರನೆಯದೊಂದು ಹೇಳಿತು. ಹೀಗೆ ಮೂರು ಮನಸ್ಸಿನ ಮನುಷ್ಯನನ್ನು ನಂಬಿ ಈ ಹೆಂಗಸು ಕಾರು ಹತ್ತಿ ಕೂತಿದ್ದಾರಲ್ಲ!

ಶನಿವಾರ ಯಾವುದೂ ಹೊತ್ತಿಗೆ ಸರಿಯಾಗಿ ಶುರುವಾಗಿರಲಿಲ್ಲ. ಶಾಲೆಯ ಆಡಿಟೋರಿಯಮ್ ಬಾಡಿಗೆಗೆ ಪಡೆದದ್ದು ಎಂಟರವರೆಗೆ. ಮಕ್ಕಳ ಡ್ಯಾನ್ಸ್ ಒಂದನ್ನು ಕತ್ತರಿಸಿದರೂ ಆ ಮಗುವಿನ ಅಪ್ಪ ಅಮ್ಮ ಮುಂದಿನ ವರ್ಷ ಮೆಂಬರ್‌ಶಿಪ್ ಕಟ್ಟುವುದಿಲ್ಲ; ಹಾಗಾಗಿ ಒಂದನ್ನೂ ಕತ್ತರಿಸಲಿಲ್ಲ, ಜಾನ್ವಿಯ ಗುಂಪಿನದನ್ನಂತೂ ಇಲ್ಲವೇ ಇಲ್ಲ. ಸನ್ಮಾನಕ್ಕೆ ಕರೆದಾಗ ಏಳೂಕಾಲು. ಮಿಸ್ ವರ್ನೆಲ್ ಹಳದಿ ಉಡುಪಿನಲ್ಲಿ ಮೆಟ್ಟಿಲು ಹತ್ತಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತರು. ಪದ್ಮನಾಭ ಪರಿಚಯ ಓದಲು ಶುರು ಮಾಡಿದ. ಸಭೆ ಗಪ್‌ಚಿಪ್ಪಾಯಿತು, ಸಾವಿನ ಮನೆಯ ಹುಡುಗಿಯ ಕಡೆ ಬಂದಾಗ ಹೆಂಗಸರು ಕಣ್ಣೊರೆಸಿಕೊಂಡರು. ಅವನ ದನಿ ಅವನಿಗೇ ಹಿತವಾಗತೊಡಗಿತು. ಮೊದಲ ಸಾಲಿನಿಂದ ಬಳಗದ ಅಧ್ಯಕ್ಷ ಶಿವಬಸಪ್ಪನವರು, ಗದುಗಿನ ಕಡೆಯ ಹಾರ್ಟ್ ಡಾಕ್ಟರು, ಗಡಿಯಾರ ತಟ್ಟಿ ತೋರಿಸಿದರು. ಅವನು ತಲೆಯಾಡಿಸಿ ಮುಂದಿನ ಪುಟ ತಿರುವಿದ. ಎಂಟೂ ಪುಟ ಮುಗಿದ ಮೇಲೆ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ವಿಗ್ಗಿನ ಮೇಲೆ ಮೈಸೂರು ಪೇಟ, ಫೋಟೋ, ಇನ್ನೊಂದು ಫೋಟೋ, ಸ್ಪಾನ್ಸರ್‌ಗಳ ಜತೆ ಫೋಟೋ. ಸಂಗೀತಗಾರ್ತಿಯನ್ನು ಕರೆದು ಹಾಡಿಸುವ ಮುಂಚೆಯೇ ಗೌರವದಲ್ಲಿ ಹೂತುಬಿಡುವುದು ನಮ್ಮವರಿಗೆ ಕರತಲಾಮಲಕ. ಕೊನೆಗೆ ಅವರ ಕೈಗೆ ಮೈಕು ಬಂತು. ಎದ್ದು ನಿಂತರು. ಕಾಲಿನಿಂದ ನೆಲವನ್ನು ಎರಡು ಸಲ ತಟ್ಟಿ, ಗಂಟಲು ಸರಿಮಾಡಿಕೊಂಡು, “ಥ್ಯಾಂಕ್ ಯೂ,” ಎಂದರು. ಮಾತು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು, ಹಿಂದಿನ ಸಾಲಿನವರು ಎದ್ದರು, ಕಾವಲಿನವನು ಪಕ್ಕದ ದೀಪಗಳನ್ನು ಆರಿಸಿದ. ಶಿವಬಸಪ್ಪನವರು ಕಿವಿಯ ಹತ್ತಿರ ಬಂದು, “ಪದ್ಮನಾಭ, ಊಟ ಆರಾಕತ್ತೈತಿ. ಅವರ ಹಾಡು ಮುಂದಿನ ಸಲ ಇಟ್ಟುಕೊಳ್ಳೋಣಂತ. ಲಗೂ ಮುಗಸ್ರಿ,” ಎಂದರು. ಮುಂದಿನ ಸಲ! ಅವರಿಗೇನು ಗೊತ್ತು, ಪಾಪ. ಗೊತ್ತಿದ್ದವನು ಅವರಿಗೆ ಒಂದು ಮಾತು ಹೇಳಬಹುದಿತ್ತು. ಅವನು ಮುಂದೆ ಹೋಗಿ, ನಗುತ್ತ, ಮಿಸ್ ವರ್ನೆಲ್ ಅವರ ಕೈಯಿಂದ ಮೈಕು ತೆಗೆದುಕೊಂಡ. ಅವರು ಬಿಗಿಯಾಗಿ ಹಿಡಿದಿದ್ದರು. ಒಂದು ಕ್ಷಣ ಎಳೆಯಬೇಕಾಯಿತು. ಮನೆಗೆ ಹೋಗುವಾಗ ಹಿಂದಿನ ಸೀಟಿನಿಂದ ಜಾನ್ವಿ, “ಅಪ್ಪಾ, ಶಿ ಡಿಡ್ನ್ಟ್ ಈವನ್ ಸಿಂಗ್,” ಎಂದಳು. “ಟೈಮ್ ಆಗೋಯ್ತು ಪುಟ್ಟ,” ಎಂದಿದ್ದ.

“ನೋಡು ಬೇಬಿ,” ಎಂದರು ಮಿಸ್ ವರ್ನೆಲ್, ಕಾರು ಉತ್ತರಕ್ಕೆ ತಿರುಗಿ ಗೆಡ್ಡಿಸ್ ರಸ್ತೆಯ ಬೋರ್ಡು ಕಾಣುವಾಗ. “ಮಧ್ಯಾಹ್ನ ಚರ್ಚಿನ ವ್ಯಾನಲ್ಲಿ ಓಪಲ್ ಬರ್ತಾಳೆ. ನನ್ನ ಫ್ರೆಂಡು. ಅವಳು ಬಂದು ಶನಿವಾರದ ಬಗ್ಗೆ…” ಶನಿವಾರ ಎಂಬ ಮಾತು ಅವರ ಬಾಯಲ್ಲಿ ಕೇಳಿದ್ದೇ ತಡ ಪದ್ಮನಾಭ, “ಇದೇ ಎಕ್ಸಿಟ್ಟು! ಮಿಸ್ ಆದ್ರೆ ಲೇಟಾಗತ್ತೆ,” ಎಂದು ಅಗತ್ಯಕ್ಕಿಂತ ಗಟ್ಟಿಯಾಗಿ ಕೂಗಿ ಸ್ಟಿಯರಿಂಗ್ ತಿರುಗಿಸಿದ. ತುಂಬಿದ ಸಭೆಯಲ್ಲಿ ಒಮ್ಮೆ, ಈಗ ಇಬ್ಬರೇ ಇರುವಾಗ ಇನ್ನೊಮ್ಮೆ ಅವರ ಬಾಯಿ ಮುಚ್ಚಿಸಿದ್ದೆ ಎಂದು ಅವನಿಗೆ ಅರಿವಾದದ್ದು ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿ ಹತ್ತುವಾಗ. ಆಮೇಲೆ ಯಾವುದಕ್ಕೂ ಬಿಡುವಿರಲಿಲ್ಲ. ಕೈಗೆ ಪಟ್ಟಿ ಕಟ್ಟಿದರು, ವಿಗ್ಗು ತೆಗೆಸಿದರು. ಬೆಳ್ಳಗಿನ ಮೋಟು ಕೂದಲಿನ ಆ ಚಿಕ್ಕ ತಲೆಯನ್ನು ನೋಡಬಾರದಿತ್ತು ಎನ್ನಿಸಿ ಅವನು ಪರದೆಯ ಹೂವಿನ ಚಿತ್ತಾರ ನೋಡುತ್ತ ನಿಂತ. ಒಯ್ಯುವಾಗ ಮಿಸ್ ವರ್ನೆಲ್ ಏನೋ ಹೇಳಲು ತಲೆ ಎತ್ತಿದರು. ಮಂಚದ ಚಕ್ರಗಳು ಆಗಲೇ ಹೊರಟಿದ್ದವು.

ಕಾಯುವ ಕೋಣೆಯಲ್ಲಿ ಕಾಫಿ ತಣ್ಣಗಾಗುವವರೆಗೆ ಲೋಟ ಹಿಡಿದು ಕೂತ. ವಾರವಿಡೀ ತನಗೆ ತಾನೇ ಹೇಳಿಕೊಂಡದ್ದು, ಓದುವ ಚಪಲದಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ ಎಂದು. ಈಗ, ಗೋಡೆಯಾಚೆ ಎಲ್ಲೋ ಆ ಗಂಟಲನ್ನು ಸೀಳುತ್ತಿರುವಾಗ, ಆ ಸುಳ್ಳು ನಿಲ್ಲಲಿಲ್ಲ. ಹೊತ್ತು ಗೊತ್ತಾಗಿತ್ತು. ಐದನೆಯ ಪುಟದಲ್ಲಿ ಗಡಿಯಾರ ನೋಡಿದ್ದ. ಇಂಗ್ಲಿಷ್ ಪ್ಯಾರಾಗಳನ್ನಾದರೂ ಬಿಡಬಹುದು ಎಂಬ ಯೋಚನೆ ಬಂದಿತ್ತು, ಬಿಡದೆ ನಿಧಾನವಾಗಿ ಓದಿದ್ದ. ಯಾಕೆಂದರೆ ಹೆದರಿದ್ದ. ಅವರು ಆ ಕಾಲು ತಟ್ಟಿ, ಸೊಂಟದ ಮೇಲೆ ಕೈಯಿಟ್ಟು, ಹೆಂಡತಿ ಗಂಡ ಹಾಸಿಗೆ ಎಂದು ಬಿಚ್ಚಿ ಹಾಡಿದರೆ ಮುಂದಿನ ಸಾಲಿನಲ್ಲಿ ಕೂತ ಮೈಸೂರು ಸಿಲ್ಕುಗಳು ತನ್ನ ಬಗ್ಗೆ ಏನಂದುಕೊಳ್ಳುತ್ತವೋ ಎಂದು. ಅವರನ್ನು ತಾನು ಬರೆದ ಎಂಟು ಪುಟದೊಳಗೆ ಮಾನವಾಗಿ ಇಟ್ಟುಕೊಂಡಿದ್ದ. ಹಾಡಿದರೆ ಹೊರಗೆ ಬಂದುಬಿಡುತ್ತಿದ್ದರು. ಲೈಬ್ರರಿಯ ಮೆಟ್ಟಿಲ ಮೇಲೆ ಅತ್ತವನೂ ಇವನೇ. ಪದ್ಮನಾಭನಿಗೆ ತನ್ನ ಮುಖ ಎಲ್ಲಾದರೂ ಮುಚ್ಚಿಡಬೇಕು ಎನ್ನಿಸಿತು. ಎಚ್ಚರವಾದ ಕೂಡಲೇ ಇದನ್ನು, ಇಷ್ಟನ್ನೂ, ಹೇಳಿಯೇ ತೀರುತ್ತೇನೆ ಎಂದು ಗಟ್ಟಿಮಾಡಿಕೊಂಡ.

ಊಟದ ಹೊತ್ತಿಗೆ ಮಿಸ್ ಓಪಲ್ ಬಂದರು. ತೆಳ್ಳಗೆ ಎತ್ತರದ ಮುದುಕಿ, ನೇರಳೆ ಬಣ್ಣದ ಟೋಪಿ, ಊರುಗೋಲು. ಇವನೇ ಎಂದು ಹೇಗೆ ಗುರುತು ಹಿಡಿದರೋ, ನೆಟ್ಟಗೆ ಬಂದು ಪಕ್ಕದಲ್ಲಿ ಕೂತು, “ಬೆಂಡೆಕಾಯಿ ಹುಡುಗ ನೀನೇ ತಾನೇ?” ಎಂದರು. ಸ್ವಲ್ಪ ಹೊತ್ತಿಗೆ ಸರ್ಜನ್ ಬಂದರು. ಗೆಡ್ಡೆ ಪೂರ್ತಿ ಬಂದಿದೆ, ಜೀವಕ್ಕೇನೂ ಭಯವಿಲ್ಲ. ನರ ಅದರೊಳಗೇ ಸುತ್ತಿಕೊಂಡಿತ್ತು, ಬಿಡಿಸಲು ಮಾಡಿದ್ದೆಲ್ಲ ಸಾಗಲಿಲ್ಲ, ತೆಗೆಯಬೇಕಾಯಿತು. ಇನ್ನು ಮುಂದೆ ಅವರು ಪಿಸುದನಿಯಲ್ಲಷ್ಟೇ ಮಾತಾಡುತ್ತಾರೆ. “ಹಾಡೋದು?” ಎಂದರು ಮಿಸ್ ಓಪಲ್. ಸರ್ಜನ್ ಇಲ್ಲವೆಂದು ತಲೆಯಾಡಿಸಿದರು.

ಸರ್ಜನ್ ಹೊರಟುಹೋದರು. ಆಮೇಲೆ ಮಿಸ್ ಓಪಲ್, “ದೇವರು ದೊಡ್ಡವನು, ಅಷ್ಟರೊಳಗೆ ಹಾಡಿಬಿಟ್ಟಳಲ್ಲ ಶನಿವಾರ,” ಎಂದರು.

ಪದ್ಮನಾಭ ಅವರ ಮುಖ ನೋಡಿದ.

“ಭಾನುವಾರ ಚರ್ಚಲ್ಲಿ ಹೇಳಿದಳು. ‘ಹಾಡಿದೆ ಕಣೆ, ನಾನೂರು ಜನ ಎದ್ದು ನಿಂತ್ರು,’ ಅಂದಳು. ನನಗೂ ಹಾಡು ಅಂದೆ. ‘ಇನ್ನೂ ನಿನ್ನ ಮುಂದೆ ಹಾಡೋಕೆ ಧೈರ್ಯ ಬಂದಿಲ್ಲ, ಆಪರೇಷನ್ ಆಗ್ಲಿ,’ ಅಂದಳು.” ಮಿಸ್ ಓಪಲ್ ಊರುಗೋಲನ್ನು ಮಂಡಿಗೆ ಒರಗಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. “ನಿನಗೆ ಹೇಳಿರಲಿಕ್ಕಿಲ್ಲ. ಅವಳನ್ನ ಶಿಕಾಗೋದಿಂದ ಕಾರಲ್ಲಿ ಕರ್ಕೊಂಡು ಬಂದವನು ನನ್ನ ಗಂಡ. ಬಾಸ್ ಗಿಟಾರ್ ನುಡಿಸ್ತಿದ್ದ. ಮನೆಗೆ ಬರ್ತಾನೆ ಅಂತ ನಾನು ಅಡುಗೆ ಮಾಡಿಟ್ಟಿದ್ದೆ, ಅವನು ಅವಳ ಮನೆಗೆ ಹೋದ. ಹೋದವನು ಸಾಯೋವರೆಗೂ ಅಲ್ಲೇ ಇದ್ದ. ಅವನನ್ನ ಮಣ್ಣು ಮಾಡೋ ದಿನ ನಿಜವಾಗಿ ಅಳ್ತಿದ್ದವರು ನಾವಿಬ್ಬರೇ. ಆಮೇಲೆ ಒಂದೇ ಬೆಂಚಲ್ಲಿ ಕೂರೋಕೆ ಶುರು ಮಾಡಿದ್ವಿ. ಇಷ್ಟು ವರ್ಷದಲ್ಲಿ ಅದರ ಬಗ್ಗೆ ಒಂದು ಮಾತು ಆಡಿಲ್ಲ ಅವಳು. ಬೇಸಿಗೇಲಿ ಹೇಳಿದಳು, ನಿನಗೊಂದು ಹಾಡು ಬರೆದಿದೀನಿ ಅಂತ.” ಅವರು ಪೂರ್ತಿ ಇವನ ಕಡೆ ತಿರುಗಿದರು. “ನೀನು ಅಲ್ಲಿದ್ದೆಯಲ್ಲ ಮಗಾ. ಹೇಳು. ಅದರಲ್ಲಿ ಅವಳು ಸಾರಿ ಅಂತ ಹೇಳಿದಾಳಾ?”

ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆಲ್ಲ ಗಂಟಲಿಗೆ ಬಂತು. ಅವರು ಹಾಡಲಿಲ್ಲ, ಹಾಡಲು ಬಿಡಲಿಲ್ಲ, ಬಿಡದವನು ನಾನು. ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು. ಹೇಳಿಬಿಟ್ಟರೆ, ಒಳಗೆ ದನಿ ಕಳೆದುಕೊಂಡು ಮಲಗಿರುವವರು ಈಕೆಯ ಕಣ್ಣಲ್ಲಿ ಸುಳ್ಳಿಯಾಗುತ್ತಿದ್ದರು, ಈಕೆಗೆ ಬರಬೇಕಾದದ್ದು ಇನ್ನೆಂದೂ ಬರುವುದಿಲ್ಲವೆಂದು ಖಾತ್ರಿಯಾಗುತ್ತಿತ್ತು. ಕಾರಿನಲ್ಲಿ ಮಿಸ್ ವರ್ನೆಲ್ ಹೇಳಹೊರಟದ್ದು ಇದೇ, ಓಪಲ್ ಕೇಳಿದರೆ ಹಾಡಿದಳು ಅನ್ನು ಅಂತಲೇ ಇರಬೇಕು ಎಂದು ಈಗ ಹೊಳೆಯಿತು. ಅವನಿಗೆ ಹಾಡಿನ ಒಂದು ಸಾಲೂ ಗೊತ್ತಿಲ್ಲ. ಸಾರಿ ಎಂದಿದ್ದರೋ, ಮತ್ತೆ ಜಂಬವನ್ನೇ ಕೊಚ್ಚಿದ್ದರೋ, ಯಾರಿಗೆ ಗೊತ್ತು?

“ಹೇಳಿದಾರೆ,” ಎಂದ.

“ಹೌದಾ?”

“ಹೌದು. ವಾದ್ಯ ಇರಲಿಲ್ಲ. ಕಾಲಲ್ಲೇ ತಾಳ ಹಾಕ್ಕೊಂಡು ಹಾಡಿದ್ರು. ಮೊದಲು ಯಾರಿಗೂ ಅರ್ಥ ಆಗಲಿಲ್ಲ. ಆಮೇಲೆ ನಮ್ಮ ಹೆಂಗಸರು ಅಳೋಕೆ ಶುರು ಮಾಡಿದ್ರು.” ನಾಲಿಗೆ ಸಲೀಸಾಗಿ ಹೊರಳುತ್ತಿತ್ತು. ಅಡುಗೆ ಮಾಡಿಟ್ಟು ಕಾಯುವ ಹೆಂಡತಿ, ಬಾಗಿಲ ಸದ್ದಿಗೆ ಏಳುವುದು. ಈಗಷ್ಟೇ ಕೇಳಿದ್ದನ್ನೇ ಹಾಡಿನೊಳಗೆ ಹಾಕಿ ವಾಪಸು ಕೊಟ್ಟ. ಅಸಹ್ಯವೆನ್ನಿಸುವಷ್ಟು ಚೆನ್ನಾಗಿ ಹೇಳಿದ. ಮಿಸ್ ಓಪಲ್ ತುಟಿ ಬಿಗಿಹಿಡಿದು ಕೇಳಿದರು.

“ಸಾರಿ ಅನ್ನೋ ಮಾತು ಎಷ್ಟು ಸಲ ಬಂತು?”

“ಒಂದೇ ಸಲ. ಕೊನೇಲಿ.”

“ಅವಳಿಗೆ ಅದೇ ಜಾಸ್ತಿ,” ಎಂದು ಮಿಸ್ ಓಪಲ್ ನಕ್ಕರು. ನಗುತ್ತಲೇ ಟೋಪಿ ತೆಗೆದು ಅದರಿಂದ ಮುಖ ಮುಚ್ಚಿಕೊಂಡರು. ಆಮೇಲೆ ಅವನ ಕೈ ಹಿಡಿದುಕೊಂಡು, “ನಿಮ್ಮ ಜನ ಅವಳಿಗೆ ಅಷ್ಟು ದೊಡ್ಡ ಉಪಕಾರ ಮಾಡಿದ್ರಿ. ದೇವರು ನಿನ್ನ ಚೆನ್ನಾಗಿಟ್ಟಿರಲಿ,” ಎಂದರು. ಕೈ ಬಿಡಿಸಿಕೊಳ್ಳುವ ಧೈರ್ಯ ಅವನಿಗಾಗಲಿಲ್ಲ.

ಒಳಗೆ ಬಿಟ್ಟಾಗ ಮಿಸ್ ವರ್ನೆಲ್ ಅವರ ಕಣ್ಣು ತೆರೆದಿತ್ತು. ಕೊರಳಿಗೆ ಬಿಳಿ ಪಟ್ಟಿ. ಮಿಸ್ ಓಪಲ್ ಮಂಚದ ಪಕ್ಕ ಕೂತು, “ನಿನ್ನ ಹುಡುಗ ಎಲ್ಲ ಹೇಳಿದ ಕಣೆ. ಕೇಳಿದೆ ನಿನ್ನ ಹಾಡು. ಪೂರ್ತಿ ಕೇಳಿದೆ. ಆಯ್ತು ಬಿಡು ಇನ್ನ,” ಎಂದರು. ಮಿಸ್ ವರ್ನೆಲ್ ಅವರ ಕಣ್ಣು ಮೆಲ್ಲಗೆ ಹೊರಳಿ ಪದ್ಮನಾಭನ ಮೇಲೆ ನಿಂತಿತು. ಕೃತಜ್ಞತೆಯೋ, ಸಿಟ್ಟೋ, ಹಾಡು ಹಾಗಿರಲಿಲ್ಲ ಎನ್ನುವ ಮಾತೋ, ಆ ನೋಟದಲ್ಲಿ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ. ತುಟಿ ಅಲುಗಿತು. ಬರೀ ಉಸಿರು ಬಂತು. ಹೊದಿಕೆಯ ಕೆಳಗಿಂದ ಕೈ ಮೇಲೆದ್ದಾಗ, ತನ್ನನ್ನೇ ಕರೆಯುತ್ತಿದ್ದಾರೆಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಆ ಕೈ ಮಿಸ್ ಓಪಲ್ ಅವರ ಕೈಯನ್ನು ಹುಡುಕಿಕೊಂಡು ಹೋಯಿತು. ಅವನು ಹಿಂದೆ ಸರಿದು ಗೋಡೆಗೆ ಒರಗಿ ನಿಂತ. ಆ ಹಾಡನ್ನು ಕೇಳಿದ್ದೇನೆಂದು ಇನ್ನು ಸಾಯುವವರೆಗೂ ಹೇಳಿಕೊಂಡು ಓಡಾಡಬೇಕಾದವನು ಅವನೊಬ್ಬನೇ.